ಹೊಗೆ ಒಳಗೆ ಬರಬೇಕು: ಎರಡು ಬೆಕ್ಕು, ಎದುರುಮನೆಯ ಅಕ್ಕೋರು, ಒಂದು ಮಳೆಗಾಲದ ರಿಪೇರಿ

ರಾತ್ರಿ ಹನ್ನೊಂದು ಗಂಟೆಗೆ ಹೊಸ್ತಿಲ ಹತ್ತಿರ ಬೋರಲು ಮಲಗಿ ಊದಿನಕಡ್ಡಿ ಹಿಡಿದಿದ್ದೆ. ನೀರು ಕುಡಿಯಲು ಎದ್ದ ಅವ್ವ ನೋಡಿ, "ದೇವರ ಮನಿ ಆ ಕಡೆ ಐತಲೋ" ಅಂದಳು. ಕಡ್ಡಿಯ ಹೊಗೆ ನೆಟ್ಟಗೆ ಮೇಲೇಳಬೇಕಿತ್ತು, ಏಳಲಿಲ್ಲ. ಸೂಜಿಗೆ ದಾರ ಪೋಣಿಸಿದ ಹಾಗೆ ಬಾಗಿಲ ಅಡಿಯ ಸಂದಿಗೆ ತೂರಿ ಹೊರಗಿನ ಪ್ಯಾಸೇಜಿಗೆ ಹೋಯಿತು. ಹೊರಗೆ ಬಂದು ನಮ್ಮ ಬಾಗಿಲು ಎಳೆದುಕೊಂಡೆ. ಎದುರುಮನೆಯ ಹೊಸ್ತಿಲಿಗೆ ಹೊಗೆ ಹಿಡಿಯುವಷ್ಟು ದಡ್ಡನಲ್ಲ, ಆ ಮನೆಯಲ್ಲಿರುವುದು ಉಬ್ಬಸದವರು. ಹತ್ತಿಯ ಒಂದು ಎಳೆ ಹಿಡಿದೆ. ಅದು ಅವರ ಬಾಗಿಲ ಕಡೆ ವಾಲಿ, ಒಳಗೆ ಹೋಗಲು ಹವಣಿಸಿತು.

ನಮ್ಮ ಬೆಕ್ಕುಗಳಿಂದ ಏಳುವ ಅಲರ್ಜಿಯ ಪುಡಿ ಎದುರುಮನೆಗೆ ಹೋಗದಂತೆ ತಡೆಯಬೇಕಿತ್ತು. ಆ ಇಡೀ ಕೆಲಸಕ್ಕೆ ನಕ್ಷೆ ಅಂತ ನನ್ನ ಬಳಿ ಇದ್ದದ್ದು ಇಷ್ಟೇ. ನಮ್ಮ ಮನೆಯ ಗಾಳಿ ಅಕ್ಕೋರ ಮನೆಗೆ ಹೋಗುತ್ತಿದೆ.

ನಾವಿರುವುದು ಬೆಳಗಾವಿಯ ಟಿಳಕವಾಡಿ ಕಡೆಯ ಒಂದು ಹಳೆಯ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ. ಎರಡು ಖೋಲಿ, ಪಡಸಾಲೆ, ಅಡುಗೆಮನೆ, ಪಶ್ಚಿಮಕ್ಕೆ ಒಂದು ಗ್ಯಾಲರಿ. ನಾನು ಉದ್ಯಮಬಾಗದ ಒಂದು ಮಷೀನ್ ಶಾಪಿನಲ್ಲಿ ಮೇಂಟೆನನ್ಸ್ ಫಿಟ್ಟರ್. ಬೆಕ್ಕು ಎರಡು. ಕಂದು ಬಣ್ಣದ ಗಂಡು ಕುಂದಾ, ಬಿಳಿ ಹೆಣ್ಣು ಮಂಡಿಗಿ. ಊರಿನ ಮಿಠಾಯಿ ಹೆಸರಿಟ್ಟವಳು ನನ್ನ ಹೆಂಡತಿ. ಎದುರುಮನೆಯಲ್ಲಿ ನಿವೃತ್ತ ಶಾಲಾ ಶಿಕ್ಷಕಿ ಒಬ್ಬರೇ ಇರುತ್ತಾರೆ. ಇಡೀ ಬಿಲ್ಡಿಂಗಿಗೆ ಅವರು ಅಕ್ಕೋರು.

ಮೇ ಕೊನೆಗೆ ಅವರು ಬಾಗಿಲಲ್ಲೇ ನಿಂತು ಹೇಳಿದರು: "ತಮ್ಮಾ, ನಿಮ್ಮ ಬೆಕ್ಕಿನ ಮ್ಯಾಲ ನನಗೇನೂ ಸಿಟ್ಟಿಲ್ಲಪಾ. ಆದ್ರ ಯಾವುದರ ಅಲರ್ಜಿ ಅಂತ ಡಾಕ್ಟರು ಕೈಗೆ ಚುಚ್ಚಿ ನೋಡ್ಯಾರ. ಧೂಳಿಗೆ ಸಣ್ಣ ಗುಳ್ಳಿ ಎದ್ದಿತ್ತು, ಬೆಕ್ಕಿಗೆ ದೊಡ್ಡದೆದ್ದಿತ್ತು. ರಾತ್ರಿ ಎರಡ ಸಲ ಎದ್ದ ಕೂಡಾಕತ್ತೀನಿ."

ಸಾಕುಪ್ರಾಣಿ ಇಡಬಾರದು ಅಂತ ಸೊಸೈಟಿಯವರು ನಿಷೇಧ ಹಾಕುವಂತಿಲ್ಲ ಅಂತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಇದೆ. ನನಗೆ ಗೊತ್ತಿತ್ತು, ನಾಲಿಗೆ ತುದಿಗೂ ಬಂದಿತ್ತು. ಅಕ್ಕೋರು ಅಷ್ಟು ಮಾತಾಡುವುದರೊಳಗೆ ಮೂರು ಸಲ ಉಸಿರು ಎಳೆದುಕೊಂಡದ್ದು ನೋಡಿ ನುಂಗಿಕೊಂಡೆ. "ಎರಡ ತಿಂಗಳ ಟೈಮ್ ಕೊಡ್ರಿ ಅಕ್ಕೋರ" ಅಂದೆ. ಹೋಮ್‌ವರ್ಕಿಗೆ ಟೈಮ್ ಕೇಳಿದವನನ್ನು ನೋಡುವ ಹಾಗೆ ನೋಡಿದರು.

ಏನನ್ನು ತಡೆಯಬೇಕು

ಬೆಕ್ಕಿನ ಕೂದಲು ಅಲರ್ಜಿ ಅಂತ ಎಲ್ಲರೂ ಅನ್ನುತ್ತಾರೆ. ಕೂದಲು ಬರೀ ಟೆಂಪೋ, ಸಾಮಾನು ಬೇರೆ. ಬೆಕ್ಕಿನ ಜೊಲ್ಲಿನಲ್ಲಿ, ಚರ್ಮದ ಎಣ್ಣೆಗ್ರಂಥಿಗಳಲ್ಲಿ ಫೆಲ್ ಡಿ 1 ಅನ್ನುವ ಪ್ರೋಟೀನು ಹುಟ್ಟುತ್ತದೆ. ಬೆಕ್ಕು ದಿನವಿಡೀ ಮೈ ನೆಕ್ಕಿಕೊಂಡು ಅದನ್ನು ಮೈತುಂಬ ಬಳಿದುಕೊಳ್ಳುತ್ತದೆ. ಅದು ಒಣಗಿ, ಪುಡಿಯಾಗಿ, ಗಾಳಿಗೆ ಸೇರುತ್ತದೆ. ಕೆಲವು ಕಣ ಐದು ಮೈಕ್ರಾನಿಗಿಂತ ಸಣ್ಣವು, ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್. ಹಾಸಿಗೆಯಲ್ಲಿರುವ ಧೂಳುಹುಳದ ಕಣ ಎಬ್ಬಿಸಿದರೆ ಬೇಗ ಕೆಳಗೆ ಕೂರುತ್ತವೆ. ಇವು ಹಾಗಲ್ಲ, ತಾಸುಗಟ್ಟಲೆ ತೇಲುತ್ತವೆ. ಬಟ್ಟೆಗೆ, ಗೋಡೆಗೆ ಅಂಟಿಕೊಳ್ಳುತ್ತವೆ. ಬೆಕ್ಕನ್ನು ಮನೆಯಿಂದ ಕಳಿಸಿದರೂ ಪುಡಿ ತಿಂಗಳುಗಟ್ಟಲೆ ಉಳಿಯುತ್ತದೆ. ಬೆಕ್ಕೇ ಇಲ್ಲದ ಶಾಲೆಯ ಕೋಣೆಗಳಲ್ಲೂ ಮಕ್ಕಳ ಬಟ್ಟೆಯ ಮೇಲೆ ಹತ್ತಿ ಬಂದು ಸೇರಿರುತ್ತದೆ. ಈ ಕೊನೆಯ ಸಂಗತಿಯನ್ನು ಜೂನ್‌ನಲ್ಲೇ ಓದಿದ್ದೆ. ಅರ್ಥವಾದದ್ದು ಆಗಸ್ಟಿನಲ್ಲಿ.

ಬೀಜ ತೆಗೆಸದ ಗಂಡುಬೆಕ್ಕಿನಲ್ಲಿ ಈ ಪ್ರೋಟೀನು ಜಾಸ್ತಿ. ಕುಂದಾನಿಗೆ ಹೋದ ವರ್ಷವೇ ಆಪರೇಷನ್ ಆಗಿದೆ. ಸ್ನಾನ ಮಾಡಿಸಿದರೆ ಕಡಿಮೆಯಾಗುತ್ತದೆ, ಎರಡು ದಿನಕ್ಕೆ ಮತ್ತೆ ಮೊದಲಿನಷ್ಟೇ. ವಾರಕ್ಕೆ ಮೂರು ಸಲ ಬೆಕ್ಕಿಗೆ ಸ್ನಾನ ಮಾಡಿಸುವವರು ಇದ್ದರೆ ಅವರ ಮುಂಗೈ ನೋಡುವ ಆಸೆ ನನಗೆ. ಕೋಳಿಮೊಟ್ಟೆಯಿಂದ ತೆಗೆದ ಪ್ರತಿಕಾಯ ಬೆರೆಸಿದ ಆಹಾರವೂ ಬಂದಿದೆ, ಜೊಲ್ಲಿನಲ್ಲೇ ಈ ಪ್ರೋಟೀನಿನ ಕೈಕಾಲು ಕಟ್ಟುತ್ತದೆ. ನಮ್ಮವು ಅನ್ನ-ಮೀನು ಬಿಟ್ಟು ಬೇರೆ ಮೂಸುವುದಿಲ್ಲ. ಹಾಗಾಗಿ ಬೆಕ್ಕನ್ನು ಬಿಟ್ಟು ಗಾಳಿಯನ್ನು ಹಿಡಿಯಲು ಹೊರಟೆ.

ಜೂನ್: ಬಾಗಿಲು

ಮೂರಡಿ ಅಗಲದ ಬಾಗಿಲು, ಕೆಳಗೆ 14 ಮಿಲಿಮೀಟರ್ ಸಂದು. ಗುಣಿಸಿದರೆ ಸುಮಾರು 128 ಚದರ ಸೆಂಟಿಮೀಟರ್. ಅಂದರೆ ಬಾಗಿಲಲ್ಲಿ ಅಂಗೈಯಗಲದ ಒಂದು ಕಿಂಡಿ ಕೊರೆದು ಇಟ್ಟ ಹಾಗೆ. ಇಷ್ಟು ವರ್ಷ ಅದರ ಮೇಲೆ ಕಾಲಿಟ್ಟು ಓಡಾಡಿದ್ದೇವೆ.

ಮೊದಲು ತಂದದ್ದು ಬಾಗಿಲ ಎರಡೂ ಬದಿಗೆ ಉರುಳೆ ಇರುವ ಫೋಮಿನ ಸೀಲ್. ಖಡೇ ಬಜಾರಿನಲ್ಲಿ ನೂರೈವತ್ತು ರೂಪಾಯಿ. ಹತ್ತು ದಿನಕ್ಕೆ ಹರಿಯಿತು, ನಮ್ಮ ಹೊಸ್ತಿಲಿನ ಕಡಪಾ ಕಲ್ಲಿನ ಅಂಚು ಕರಗಸದ ಹಾಗಿದೆ. ಉಳಿದ ತುಂಡನ್ನು ಮಂಡಿಗಿ ಬೇಟೆಯಾಡಿ ಸೋಫಾದ ಕೆಳಗೆ ಒಯ್ದಳು. ಎರಡನೆಯದು ಅಲ್ಯೂಮಿನಿಯಂ ಪಟ್ಟಿಗೆ ರಬ್ಬರ್ ನಾಲಿಗೆ ಇರುವಂಥದ್ದು. ಹ್ಯಾಕ್ಸಾದಲ್ಲಿ ಬಾಗಿಲ ಅಳತೆಗಿಂತ 3 ಮಿಲಿಮೀಟರ್ ಕಡಿಮೆ ಕೊಯ್ದು, ಒಳಬದಿಗೆ ಐದು ಸ್ಕ್ರೂ ಹಾಕಿದೆ. ಸ್ಕ್ರೂ ತೂತು ಉದ್ದಕ್ಕಿರುವ ಪಟ್ಟಿಯನ್ನೇ ಕೇಳಿ ತನ್ನಿ. ಮಳೆಗಾಲದಲ್ಲಿ ಕಟ್ಟಿಗೆ ಬಾಗಿಲು ಉಬ್ಬುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ. ದುಂಡು ತೂತಾದರೆ ಪಟ್ಟಿಯನ್ನು ಮೇಲೆ-ಕೆಳಗೆ ಸರಿಸಲು ಬರುವುದಿಲ್ಲ. ರಬ್ಬರು ಕಲ್ಲಿಗೆ ಬರೀ ತಾಗಬೇಕು. ಒತ್ತಿದರೆ ಬಾಗಿಲು ಎಳೆಯುವಾಗ ಕೀರಲು ದನಿ, ಮೇಲಾಗಿ ಆರು ತಿಂಗಳಲ್ಲಿ ರಬ್ಬರು ಸವೆಯುತ್ತದೆ.

ಚೌಕಟ್ಟಿನ ಮೂರೂ ಬದಿಗೆ ಡಿ ಆಕಾರದ ರಬ್ಬರ್ ಗ್ಯಾಸ್ಕೆಟ್ ಅಂಟಿಸಿದೆ. ಅಂಟಿಸುವ ಮೊದಲು ಸ್ಪಿರಿಟಿನಿಂದ ಒರೆಸಬೇಕು. ನಾನು ಒರೆಸಿದ್ದೆ, ಆದರೆ ಹಳೆಯ ಎಣ್ಣೆಬಣ್ಣವನ್ನು ಕೆರೆದಿರಲಿಲ್ಲ. ಒಂದು ಬದಿ ಬಣ್ಣದ ಸಮೇತ ಕಿತ್ತು ಬಂತು. ಎಮರಿ ಪೇಪರ್ ಹಾಕಿ ಎರಡನೇ ಸಲ.

ಆ ರಾತ್ರಿ ಊದಿನಕಡ್ಡಿ. ಹೊಗೆ ಈಗ ದಾರದ ಹಾಗೆ ಹೋಗಲಿಲ್ಲ, ಆದರೂ ಬೀಗದ ತೂತಿನಿಂದ, ಚೌಕಟ್ಟಿನ ಮೂಲೆಯಿಂದ ಎಳೆಎಳೆಯಾಗಿ ಹೊರಗೇ ಹೋಯಿತು. ಸಂದು ಮುಚ್ಚಿದ್ದೆ, ತಳ್ಳುವವನು ಹಿಂದೆ ನಿಂತೇ ಇದ್ದ.

ತಳ್ಳುವವನು ಯಾರು ಅಂದರೆ ಬೆಳಗಾವಿಯ ಮಳೆಗಾಳಿ. ಜೂನಿನಿಂದ ಸೆಪ್ಟೆಂಬರ್ ತನಕ ಘಟ್ಟದ ಕಡೆಯಿಂದ, ಪಶ್ಚಿಮದಿಂದ ಒಂದೇ ಸಮ ಬೀಸುತ್ತದೆ. ನಮ್ಮ ಗ್ಯಾಲರಿ ಅದಕ್ಕೆ ಎದೆಯೊಡ್ಡಿ ನಿಂತಿದೆ. ಕಿಟಕಿಯ ಸಂದುಗಳಿಂದ ಗಾಳಿ ನುಗ್ಗಿ ಮನೆಯೊಳಗೆ ಒತ್ತಡ ಏರುತ್ತದೆ, ಹೊರಹೋಗಲು ಇರುವುದು ಮುಂಬಾಗಿಲು. ಅಕ್ಕೋರ ಮನೆಯ ಕಿಟಕಿಗಳು ಪೂರ್ವಕ್ಕೆ, ಗಾಳಿಯ ನೆರಳಿನಲ್ಲಿ. ಅಲ್ಲಿ ಎಳೆತ. ಬಿಲ್ಡಿಂಗ್ ಕಟ್ಟಿದವನು ಆರಾಮ ಇರಲಿ ಅಂತ ಗಾಳಿಗೆ ಕೊಟ್ಟ ದಾರಿ ನಮ್ಮ ಗ್ಯಾಲರಿಯಿಂದ ಹೊರಟು, ನಮ್ಮ ಬೆಕ್ಕುಗಳನ್ನು ಸವರಿ, ಅಕ್ಕೋರ ಮಲಗುವ ಖೋಲಿಯಲ್ಲಿ ಮುಗಿಯುತ್ತಿತ್ತು.

ಎಕ್ಸಾಸ್ಟ್, ತಪ್ಪು ಗೋಡೆಯಲ್ಲಿ

ಮನೆಯೊಳಗಿನ ಒತ್ತಡ ಪ್ಯಾಸೇಜಿಗಿಂತ ಕಡಿಮೆ ಇರಬೇಕು, ಆಗ ಸಂದಿನಲ್ಲಿ ಗಾಳಿ ಒಳಗೆ ಬರುತ್ತದೆ, ಹೊರಗೆ ಹೋಗುವುದಿಲ್ಲ. ಒಂಬತ್ತು ಇಂಚಿನ ಎಕ್ಸಾಸ್ಟ್ ಫ್ಯಾನ್ ತಂದು ಗ್ಯಾಲರಿಯ ಮೇಲ್ಗಡೆಯ ಗಾಜು ತೆಗೆದು ಕೂರಿಸಿದೆ. ಒಳ್ಳೆ ಕೆಲಸವಾಯಿತು ಅನ್ನಿಸಿತು. ಮೂರನೇ ದಿನ ಜೋರು ಮಳೆ. ಫ್ಯಾನು ತಿರುಗುತ್ತಲೇ ಇತ್ತು, ಗಾಳಿ ಮಾತ್ರ ಅದರ ಎಸಳುಗಳ ನಡುವಿನಿಂದ ಒಳಗೆ ಬರುತ್ತಿತ್ತು, ಹನಿಯ ಸಮೇತ. ಎದುರುಗಾಳಿಗೆ ಎಕ್ಸಾಸ್ಟ್ ಇಟ್ಟವನಿಗೆ ಇಪ್ಪತ್ತು ವರ್ಷದ ಫಿಟ್ಟರ್ ಅಂತ ಹೇಳಿಕೊಳ್ಳಲು ನಾಚಿಕೆಯಾಗಬೇಕು. ಶಾಪಿನಲ್ಲಿ ಯಾರಿಗೂ ಹೇಳಲಿಲ್ಲ.

ಕಿತ್ತು ಅಡುಗೆಮನೆಯ ಉತ್ತರದ ಕಿಟಕಿಗೆ ಹಾಕಿದೆ, ಹೊರಗೆ ತಾನಾಗಿ ಮುಚ್ಚುವ ತಗಡಿನ ಪಟ್ಟಿಗಳ ಶಟರ್ ಸಮೇತ. ಬಚ್ಚಲ ಕಿಟಕಿಯ ಎಕ್ಸಾಸ್ಟ್ ಬೇಡವೇ ಬೇಡ. ಅದು ತೆರೆಯುವುದು ಒಳಡಕ್ಟಿಗೆ, ಅಕ್ಕೋರ ಬಚ್ಚಲ ಕಿಟಕಿಯೂ ಅದೇ ಡಕ್ಟಿಗೆ. ಇಷ್ಟು ದಿನ ಬೆಕ್ಕಿನ ಮಣ್ಣಿನ ಟ್ರೇ ಇದ್ದದ್ದು ಆ ಬಚ್ಚಲಲ್ಲೇ. ಅದನ್ನು ಗ್ಯಾಲರಿಗೆ ಒಯ್ದೆ. ಬೆಂಟೊನೈಟ್ ಮಣ್ಣಿನ ಬದಲು ಕಟ್ಟಿಗೆಪುಡಿಯ ಗುಳಿಗೆ ತುಂಬಿದೆ. ಮಣ್ಣು ಸುರಿದರೆ ಬಿಸಿಲುಕೋಲಿನಲ್ಲಿ ಕಾಣುವ ಧೂಳು ಬೆಕ್ಕಿನದಲ್ಲದಿದ್ದರೂ ಉಬ್ಬಸದವರಿಗೆ ಧೂಳು ಧೂಳೇ.

ಈಗ ಹೊಗೆ ಒಳಗೆ ಬಂತು. ಬೀಗದ ತೂತಿನ ಮುಂದೆ ಹಿಡಿದರೆ ನನ್ನ ಮೂಗಿಗೇ ಹೊಡೆಯಿತು. ಹಿಂದೆಯೇ ಬೇರೆ ವಾಸನೆಗಳೂ ಬಂದವು. ಮೊದಲು ಎರಡನೇ ಮಹಡಿಯವರ ಒಣಮೀನು. ಆಮೇಲೆ ಗಟಾರದ ನಾತ. ಅದು ಎಲ್ಲಿಂದ ಅಂತ ಎರಡು ದಿನ ಹುಡುಕಿದೆ. ನಾವು ಬಳಸದ ಹಿಂದಿನ ಬಚ್ಚಲಿನ ನಹಾನಿ ಟ್ರ್ಯಾಪ್, ಅಂದರೆ ನೆಲದ ನೀರು ಇಳಿಯುವ ಬಾಯಿ, ಒಣಗಿತ್ತು. ಅದರಲ್ಲಿ ನಿಂತ ನೀರೇ ಗಟಾರಕ್ಕೆ ಮುಚ್ಚಳ. ನೀರಿಲ್ಲ ಅಂದರೆ ಎಕ್ಸಾಸ್ಟ್ ನೇರ ಗಟಾರದಿಂದ ಗಾಳಿ ಎಳೆಯುತ್ತದೆ. ವಾರಕ್ಕೊಂದು ತಂಬಿಗೆ ನೀರು ಸುರಿದರೆ ಮುಗಿಯಿತು.

ಒಂದು ಮಾತು ಮಾತ್ರ ತಮಾಷೆಯಲ್ಲ. ಬಚ್ಚಲಲ್ಲಿ ಗ್ಯಾಸ್ ಗೀಸರ್ ಇರುವ ಮನೆಯಲ್ಲಿ ಈ ಎಕ್ಸಾಸ್ಟ್ ಕೆಲಸ ಮಾಡಬೇಡಿ. ಮನೆಯ ಒತ್ತಡ ಇಳಿದರೆ ಗೀಸರಿನ ಸುಟ್ಟ ಗಾಳಿ ಹೊರಗೆ ಹೋಗುವ ಬದಲು ಒಳಗೆ ತಿರುಗಬಹುದು. ಅದರಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮಲ್ಲಿ ಕರೆಂಟಿನ ಗೀಸರು, ಅದಕ್ಕೇ ಧೈರ್ಯ ಮಾಡಿದೆ.

ಜುಲೈ: ಪೆಟ್ಟಿಗೆ

ಹೊರಗೆ ಹೋಗುವ ಪುಡಿಯನ್ನು ತಡೆದಾಯಿತು. ಮನೆಯೊಳಗೆ ತೇಲುವುದನ್ನೂ ಇಳಿಸಿದರೆ ನಮ್ಮ ಬಟ್ಟೆಗೆ ಅಂಟುವುದು ಕಡಿಮೆಯಾದೀತು. ಕೋವಿಡ್ ಕಾಲದಲ್ಲಿ, 2020ರಲ್ಲಿ, ಅಮೆರಿಕದ ರಿಚರ್ಡ್ ಕೋರ್ಸಿ ಮತ್ತು ಜಿಮ್ ರೋಸೆಂಥಾಲ್ ಅನ್ನುವವರು ಚೌಕ ಫ್ಯಾನಿಗೆ ನಾಲ್ಕೈದು ಫಿಲ್ಟರ್ ಹಾಳೆ ಟೇಪಿನಿಂದ ಸುತ್ತಿ ಅಗ್ಗದ ಗಾಳಿಶುದ್ಧಿ ಪೆಟ್ಟಿಗೆ ಮಾಡುವ ಯೋಚನೆ ಕೊಟ್ಟರು. ಅವರ ಆ ಚೌಕ ಫ್ಯಾನು ನಮ್ಮ ಅಂಗಡಿಗಳಲ್ಲಿ ಸಿಗುವುದಿಲ್ಲ. ಆದರೆ ಫ್ಯಾಕ್ಟರಿ ಏಸಿಗಳಿಗೆ ಹಾಕುವ ಎರಡಡಿ ಚೌಕದ ಫೈನ್ ಫಿಲ್ಟರ್ ಸಿಗುತ್ತದೆ, ನೆರಿಗೆ ನೆರಿಗೆಯಾಗಿ ಮಡಚಿದ್ದು. ನಮ್ಮ ಶಾಪಿಗೆ ಸಾಮಾನು ಕೊಡುವವನಿಂದ ಎರಡು ತಂದೆ. ಹೆಪಾ ಬೇಕು ಅಂತ ಹಲವರು ಅನ್ನುತ್ತಾರೆ. 0.3 ಮೈಕ್ರಾನಿನ ಕಣವನ್ನು 99.97 ಶೇಕಡಾ ಹಿಡಿಯುವುದು ಹೆಪಾ, ನಿಜ. ಆದರೆ ಅದು ಗಾಳಿಯನ್ನೂ ಅಷ್ಟೇ ತಡೆಯುತ್ತದೆ. ಸಾದಾ ಎಕ್ಸಾಸ್ಟ್ ಫ್ಯಾನಿಗೆ ಅದರೊಳಗಿಂದ ಎಳೆಯುವ ದಮ್ಮಿಲ್ಲ. ಕೋಣೆಯೊಳಗಿನ ಗಾಳಿ ಸುತ್ತಿ ಸುತ್ತಿ ಹಾಯುವಾಗ ಒಂದೇ ಸಲಕ್ಕೆ ಎಲ್ಲ ಹಿಡಿಯಬೇಕಾಗಿಯೂ ಇಲ್ಲ. ಸ್ವಲ್ಪ ಸಡಿಲ ಫಿಲ್ಟರ್, ಜಾಸ್ತಿ ಗಾಳಿ. ಇದು ನನ್ನ ಲೆಕ್ಕ.

ಎದುರುಬದುರು ಎರಡು ಗೋಡೆ ಫಿಲ್ಟರು, ಉಳಿದದ್ದು 12 ಮಿಲಿಮೀಟರ್ ಪ್ಲೈವುಡ್, ಮೇಲ್ಗಡೆ ದುಂಡಗೆ ಕೊರೆದು 12 ಇಂಚಿನ ಎಕ್ಸಾಸ್ಟ್, ಮೇಲಕ್ಕೆ ಊದುವಂತೆ. ಫಿಲ್ಟರಿನ ಚೌಕಟ್ಟಿನ ಮೇಲೆ ಬಾಣದ ಗುರುತಿರುತ್ತದೆ, ಅದು ಪೆಟ್ಟಿಗೆಯ ಒಳಮುಖವಾಗಿರಬೇಕು. ನಾನು ಒಂದನ್ನು ಸರಿ ಇಟ್ಟೆ, ಒಂದನ್ನು ಉಲ್ಟಾ. ಅಲ್ಯೂಮಿನಿಯಂ ಟೇಪು ಸುತ್ತಿ ಮುಗಿದ ಮೇಲೆ ಕಂಡಿತು. ಟೇಪಿನ ವಿಷಯಕ್ಕೆ ಬಂದರೆ ಜಿಪುಣತನ ಬೇಡ. ಒಂದು ಮೂಲೆಯಲ್ಲಿ ಬೆರಳು ಹೋಗುವಷ್ಟು ಸಂದು ಬಿಟ್ಟರೂ ಗಾಳಿ ಫಿಲ್ಟರಿಗೆ ನಮಸ್ಕಾರ ಹೇಳಿ ಅಲ್ಲಿಂದಲೇ ಹೋಗುತ್ತದೆ. ಫ್ಯಾನಿನ ಎರಡೂ ಬದಿಗೆ ಅರ್ಧ ಇಂಚಿನ ತಂತಿಜಾಲರಿ. ಕುಂದಾನ ಪಂಜ ಎಲ್ಲಿ ಹೋಗುತ್ತದೋ ಅವನಿಗೇ ಗೊತ್ತಿರುವುದಿಲ್ಲ. ಲೋಹದ ಫ್ಯಾನು, ಆದ್ದರಿಂದ ಮೂರು ಪಿನ್ನಿನ ವೈರು, ಅರ್ಥಿಂಗ್ ಮೀಟರಿನಲ್ಲಿ ನೋಡಿಯೇ ಹಾಕಿದೆ. ಖರ್ಚು ಎಲ್ಲ ಸೇರಿ ಐದು ಸಾವಿರದ ಇನ್ನೂರು.

ಎಷ್ಟು ಗಾಳಿ ಬರುತ್ತದೆ ಅಂತ ಅಳೆಯಲು ಎಣ್ಣೆ ಬ್ಯಾರಲಿಗೆ ಹಾಕುವ 200 ಲೀಟರಿನ ಪ್ಲಾಸ್ಟಿಕ್ ಚೀಲ ಚಪ್ಪಟೆ ಮಾಡಿ ಫ್ಯಾನಿನ ಬಾಯಿಗೆ ಹಿಡಿದೆ, ಹೆಂಡತಿ ಮೊಬೈಲಿನಲ್ಲಿ ವಿಡಿಯೋ ಮಾಡಿದಳು. ಚೀಲ ತುಂಬಲು ಐದು ಸಲದ ಸರಾಸರಿ 2.2 ಸೆಕೆಂಡು. ಅಂದರೆ ತಾಸಿಗೆ ಸುಮಾರು 327 ಘನಮೀಟರ್. ನಮ್ಮ ಮಲಗುವ ಖೋಲಿ 10 ಅಡಿಗೆ 12, ಎತ್ತರ ಒಂಬತ್ತೂವರೆ, ಒಟ್ಟು 32 ಘನಮೀಟರ್. ತಾಸಿಗೆ ಹತ್ತು ಸಲ ಇಡೀ ಖೋಲಿಯ ಗಾಳಿ ಪೆಟ್ಟಿಗೆಯೊಳಗಿಂದ ಹಾಯುತ್ತದೆ. ಡಬ್ಬಿಯ ಮೇಲೆ ಬರೆದ ಅಂಕಿ ಇದರ ಮೂರು ಪಟ್ಟಿತ್ತು, ಅದು ಮುಂದೆ ಏನೂ ಅಡ್ಡಿಯಿಲ್ಲದಾಗಿನ ಮಾತು. ಕಣ ಅಳೆಯುವ ಸಣ್ಣ ಮೀಟರು ಇಟ್ಟು ಊದಿನಕಡ್ಡಿ ಹಚ್ಚಿದೆ. 300ಕ್ಕೆ ಏರಿದ್ದು ಪೆಟ್ಟಿಗೆ ಹಾಕಿದ 22 ನಿಮಿಷಕ್ಕೆ 35ಕ್ಕೆ ಇಳಿಯಿತು. ಪೆಟ್ಟಿಗೆ ಇಲ್ಲದೆ ಎರಡು ತಾಸು ಬೇಕಾಗಿತ್ತು. ಮೀಟರಿಗೆ ಹೊಗೆಯೂ ಒಂದೇ, ಬೆಕ್ಕಿನ ಪುಡಿಯೂ ಒಂದೇ, ಕಣ ಎಣಿಸುವುದಷ್ಟೇ ಅದರ ಕೆಲಸ ಅನ್ನುವುದು ನೆನಪಿರಲಿ.

ಮೂರು ವಾರಕ್ಕೆ ಫ್ಯಾನು ಕುಂಯ್ ಅನ್ನಲು ಶುರು ಮಾಡಿತು. ಬಿಚ್ಚಿದರೆ ಬುಷ್, ಅಂದರೆ ಶಾಫ್ಟು ತಿರುಗುವ ಲೋಹದ ಬಳೆ, ಒಂದು ತುದಿಗೆ ಸವೆದಿತ್ತು. ಗೋಡೆಗೆ ಹಾಕುವ ಎಕ್ಸಾಸ್ಟಿನ ಶಾಫ್ಟು ಅಡ್ಡ ಇರಬೇಕು. ನಾನು ಮಲಗಿಸಿ ಹಾಕಿದ್ದರಿಂದ ಶಾಫ್ಟು ನೆಟ್ಟಗೆ ನಿಂತು, ರೋಟರಿನ ಭಾರವೆಲ್ಲ ಬುಷ್ಷಿನ ತುದಿಯ ವಾಷರಿನ ಮೇಲೆ. ಬೇರೆಯವರ ಮಷೀನಿಗೆ ದಿನಾ ಇದನ್ನೇ ಹೇಳುತ್ತೇನೆ. ಹೊಸ ಬುಷ್ ಲೇತಿನಲ್ಲಿ ಮಾಡಿಕೊಂಡೆ, ಎರಡು ಹನಿ ಎಣ್ಣೆ, ಪೆಟ್ಟಿಗೆಯ ಮೇಲ್ಗಡೆ ಮುಚ್ಚಿ ಫ್ಯಾನನ್ನು ಪಕ್ಕದ ಪ್ಲೈವುಡ್ಡಿಗೆ ಬದಲಿಸಿದೆ. ಈಗ ಮೇಲ್ಗಡೆ ಸಪಾಟು, ಸ್ವಲ್ಪ ಬೆಚ್ಚಗೆ, ಸಣ್ಣಗೆ ಗುಂಯ್ ಅನ್ನುತ್ತದೆ. ತಮಗಾಗಿಯೇ ಮಾಡಿದ್ದು ಅಂತ ಎರಡೂ ಬೆಕ್ಕು ತೀರ್ಮಾನಿಸಿವೆ.

ಕಸಬರಿಗೆ ಬಿಟ್ಟು ಒದ್ದೆ ಬಟ್ಟೆಯಿಂದ ನೆಲ ಒರೆಸುವುದು, ಬೆಕ್ಕಿನ ಮೈಯನ್ನು ದಿನಕ್ಕೊಮ್ಮೆ ಒದ್ದೆ ಕರವಸ್ತ್ರದಿಂದ ಸವರುವುದು, ಹೊರಗೆ ಹೋಗುವ ಅಂಗಿಯನ್ನು ಬೆಕ್ಕು ಹೋಗದ ಕಪಾಟಿನಲ್ಲಿ ಇಡುವುದು, ಇವೆಲ್ಲ ಹೆಂಡತಿಯ ಖಾತೆ.

ಅಕ್ಕೋರ ನೋಟುಬುಕ್ಕು

ನಾನು ಮೀಟರು, ಚೀಲ, ಹೊಗೆ ಅಂತ ಅಳೆಯುತ್ತಿದ್ದೆ. ನಿಜವಾಗಿ ಅಳೆಯಬೇಕಾದದ್ದನ್ನು ಅಳೆಯುತ್ತಿದ್ದವರು ಅಕ್ಕೋರು. ಡಾಕ್ಟರು ಅವರಿಗೆ ಪೀಕ್ ಫ್ಲೋ ಮೀಟರ್ ಕೊಟ್ಟಿದ್ದರು. ಉಸಿರು ತುಂಬಿಕೊಂಡು ಒಂದೇ ಏಟಿಗೆ ಊದಿದರೆ ಮುಳ್ಳು ನಿಮಿಷಕ್ಕೆ ಎಷ್ಟು ಲೀಟರಿನ ವೇಗ ಅಂತ ತೋರಿಸುತ್ತದೆ. ಅಡ್ಡಗೆರೆಯ ನೋಟುಬುಕ್ಕಿನಲ್ಲಿ ದಿನಕ್ಕೆ ಮೂರು ಸಲ ಬರೆಯುತ್ತಿದ್ದರು. 270ಕ್ಕಿಂತ ಕೆಳಗೆ ಹೋದರೆ ಕೆಂಪು ಪೆನ್ನಿನ ಸುತ್ತು.

ಆಗಸ್ಟ್ ಮೊದಲ ವಾರ ಹೋಗಿ ಕೇಳಿದೆ. ಒಳಗೆ ಹೋಗಲಿಲ್ಲ, ನನ್ನ ಬಟ್ಟೆಯ ಮೇಲೆ ನನಗೆ ನಂಬಿಕೆ ಇರಲಿಲ್ಲ.

"ರಾತ್ರಿ ಎದ್ದ ಕೂಡೂದ ನಿಂತೈತಿ ತಮ್ಮಾ. ಅದಕ ನಿನಗ ಮಾರ್ಕ್ಸ್ ಕೊಡ್ತೀನಿ. ಆದ್ರ ಮುಂಜಾನೆ ಒಂಬತ್ತರದು ನೋಡಿಲ್ಲೆ. ಆರೂವರಿಗೆ 290, ಒಂಬತ್ತಕ್ಕ 230. ದಿನಾ ಹಿಂಗ. ಸೋಮವಾರ ಒಂದ ಪಾಸ್ ಆಗ್ತೀನಿ ನೋಡು, ಉಳಿದ ದಿನ ಫೇಲು."

ಪುಟ ತಿರುವಿದೆ. ಸೋಮವಾರ 285, 290, 285. ಮಂಗಳವಾರದಿಂದ ಭಾನುವಾರದ ತನಕ ಕೆಂಪು ಸುತ್ತು. ಗಾಳಿಗೆ ವಾರ ಗೊತ್ತಿರುವುದಿಲ್ಲ, ಬೆಕ್ಕಿಗೂ ಇಲ್ಲ. ವಾರ ಗೊತ್ತಿರುವುದು ಮನುಷ್ಯರಿಗೆ ಮಾತ್ರ.

ನಾನು ಬೆಳಿಗ್ಗೆ ಏಳಕ್ಕೆ ಮನೆ ಬಿಡುವವನು, ಹೆಂಡತಿ ಏಳೂವರೆಗೆ. ಆಮೇಲೆ ಮನೆಯಲ್ಲಿ ಅವ್ವ ಒಬ್ಬಳೇ. ಬುಧವಾರ ರಜೆ ಹಾಕಿ ಕೂತೆ. ಎಂಟಾಯಿತು. ಅವ್ವ ತನ್ನ ಹಾಸಿಗೆಯ ಕೌದಿ ಎತ್ತಿಕೊಂಡಳು. ಇಳಕಲ್ ಸೀರೆಗಳ ತುಂಡು ಜೋಡಿಸಿ ಅವಳೇ ಹೊಲಿದದ್ದು, ಐದಾರು ಪದರು, ನನಗಿಂತ ಹಳೆಯದು. ಚಳಿ, ಮಳೆಯೆನ್ನದೆ ರಾತ್ರಿಯಿಡೀ ಕುಂದಾ ಮಲಗುವುದು ಅದರ ಮೇಲೆ, ಅವ್ವನ ಕಾಲ ಹತ್ತಿರ. ನಾನು ಹತ್ತು ದಿನ ಗುದ್ದಾಡಿ ಸೀಲು ಮಾಡಿದ ಬಾಗಿಲನ್ನು ಅವ್ವ ಹಾರುಹೊಡೆದಳು. ಪ್ಯಾಸೇಜಿನ ಕಠಡಿಯ ಮೇಲೆ ಕೌದಿ ಇಳಿಬಿಟ್ಟು ಎರಡೂ ಕೈಯಿಂದ ಫಟ್ ಫಟ್ ಅಂತ ಝಾಡಿಸತೊಡಗಿದಳು. ಹಿಂದಿನಿಂದ ಗಾಳಿ. ಮೆಟ್ಟಿಲ ಬೆಳಕಿನಲ್ಲಿ ಪುಡಿ ಹೊಳೆಯುತ್ತ ನೇರ ಅಕ್ಕೋರ ಬಾಗಿಲಿಗೆ. ಆ ಹೊತ್ತಿಗೇ ಅಕ್ಕೋರು ಹಾಲಿನ ಪಾಕೀಟು ತೆಗೆದುಕೊಳ್ಳಲು ಬಾಗಿಲು ತೆರೆದರು, ಸೀನಿದರು.

"ಯಾಕ್ರೀ ಅಕ್ಕೋರ, ಇವತ್ತೂ ಸೀನಾ? ಶುಂಠಿ ಕಷಾಯ ಮಾಡಿ ಕಳಿಸ್ಲೇನು?" ಅಂದಳು ಅವ್ವ, ಇನ್ನೊಂದು ಫಟ್ ಹೊಡೆಯುತ್ತ.

ಸೋಮವಾರ ಅವ್ವ ಬೆಳಿಗ್ಗೆ ಏಳಕ್ಕೇ ಕಪಿಲೇಶ್ವರ ಗುಡಿಗೆ ಹೋಗುತ್ತಾಳೆ. ಬರುವುದು ಹತ್ತಕ್ಕೆ. ಆ ದಿನ ಕೌದಿ ಝಾಡಿಸುವುದು ಬಿಟ್ಟುಹೋಗುತ್ತದೆ.

ಮೇ ತಿಂಗಳಲ್ಲೇ ಒಂದು ದಿನ ಮನೆಯಲ್ಲಿ ಕೂತಿದ್ದರೆ ಸಾಕಿತ್ತು ಅಂತ ನೀವು ಹೇಳಬಹುದು. ನನ್ನ ಹೆಂಡತಿ ಹೇಳಿಯೇಬಿಟ್ಟಳು. ಪೂರ್ತಿ ಹಾಗೂ ಅಲ್ಲ. ರಾತ್ರಿಯ ಉಬ್ಬಸ ನಿಂತದ್ದು ಬಾಗಿಲು, ಎಕ್ಸಾಸ್ಟಿನಿಂದಲೇ, ನೋಟುಬುಕ್ಕಿನಲ್ಲಿ ತಾರೀಖು ಇದೆ. ಆದರೆ ಐದು ಸಾವಿರದ ಪೆಟ್ಟಿಗೆ ಎಷ್ಟು ಕೆಲಸ ಮಾಡಿತು ಅಂತ ಕೇಳಿದರೆ, ಬೆಕ್ಕುಗಳು ಸುಖವಾಗಿವೆ ಅನ್ನಬಲ್ಲೆ.

ಕೌದಿಗೆ ಖೋಳ

ಅವ್ವನಿಗೆ ಹೇಳುವುದು ಬಾಗಿಲು ರಿಪೇರಿಗಿಂತ ಕಷ್ಟವಿತ್ತು. "ನನ್ನ ಕೌದಿದೇನ್ ತಪ್ಪೋ? ಅರವತ್ತ ವರ್ಷ ಝಾಡಿಸೀನಿ, ಯಾರೂ ಸತ್ತಿಲ್ಲ" ಅಂದಳು. ನಾನು ವಾದ ಮಾಡದೆ ಅಕ್ಕೋರ ನೋಟುಬುಕ್ಕಿನ ಫೋಟೋ ತೋರಿಸಿದೆ. ಓದು ಬರದಿದ್ದರೂ ಕೆಂಪು ಸುತ್ತು ಅರ್ಥವಾಗುತ್ತದೆ. ಬಹಳ ಹೊತ್ತು ನೋಡಿದಳು. "ಸೋಮವಾರ ಯಾವದು?" ಅಂತ ಕೇಳಿದಳು. ತೋರಿಸಿದೆ. ಆ ದಿನ ಊಟ ಮಾಡುವಾಗ ಮಾತಾಡಲಿಲ್ಲ.

ಮರುದಿನ ನಾನು ಕೆಲಸದಿಂದ ಬರುವಷ್ಟರಲ್ಲಿ ಅಪ್ಪನ ಎರಡು ಹಳೆಯ ದಪ್ಪ ಧೋತರ ಬಿಚ್ಚಿ ಜೋಡಿಸಿ ಕೌದಿಗೆ ಖೋಳ ಹೊಲಿಯುತ್ತ ಕೂತಿದ್ದಳು. ನೇಯ್ಗೆ ಒತ್ತಾಗಿದ್ದಷ್ಟು ಪುಡಿ ಒಳಗೆ ಇಳಿಯುವುದು ಕಡಿಮೆ, ಆದ್ದರಿಂದ ಧೋತರ ಒಳ್ಳೆಯ ಆಯ್ಕೆ. ನಾನು ಹೇಳಿಕೊಟ್ಟದ್ದಲ್ಲ. ಬಾಯಿಗೆ ಗುಂಡಿ ಬದಲು ಕಸೆ ಕಟ್ಟಿದಳು, ಗುಂಡಿಗಳ ನಡುವೆ ಬಾಯಿ ತೆರೆದುಕೊಳ್ಳುತ್ತದಂತೆ. ಕೌದಿಯನ್ನು ಒಮ್ಮೆ ಒಗೆಯಬೇಕಿತ್ತು. ಮಷೀನಿಗೆ ಹಾಕಿದರೆ ನೀರು ಕುಡಿದು ಭಾರವಾಗಿ ಡ್ರಮ್ಮಿನ ಬೇರಿಂಗ್ ಹಾಳಾದೀತು. ಕೆಳಗಿನ ನೀರಿನ ಟಾಕಿಯ ಹತ್ತಿರ ಇಬ್ಬರೂ ತುಳಿದು, ಮೂರು ನೀರು ಬಿಟ್ಟೆವು. ಈ ಪ್ರೋಟೀನು ನೀರಿನೊಡನೆ ಬಿಟ್ಟುಹೋಗುತ್ತದೆ, ವಿಶೇಷ ಸಾಬೂನು ಬೇಕಿಲ್ಲ. ಮಳೆಗಾಲದಲ್ಲಿ ಅದು ಒಣಗಲು ನಾಲ್ಕು ದಿನ, ಮಲಗುವ ಖೋಲಿಯಲ್ಲಿ ಹಗ್ಗ ಕಟ್ಟಿ ಪೆಟ್ಟಿಗೆಯ ಗಾಳಿ ಬಿಟ್ಟೆ. ಪೆಟ್ಟಿಗೆಗೆ ಕೊನೆಗೂ ಒಂದು ಕೆಲಸ ಸಿಕ್ಕಿತು.

ಈಗ ಖೋಳ ವಾರಕ್ಕೊಮ್ಮೆ ಒಗೆಯಲು ಹೋಗುತ್ತದೆ. ಝಾಡಿಸುವುದು ಬಂದ್. ನಮ್ಮ ಹಾಸಿಗೆ ಬಟ್ಟೆಗಳನ್ನು ಟೆರೇಸಿನ ತಂತಿಯಲ್ಲಿ ಅಕ್ಕೋರ ಬಟ್ಟೆಯ ಪೂರ್ವಕ್ಕೆ ಹಾಕುತ್ತೇವೆ, ಅಂದರೆ ಗಾಳಿ ಮೊದಲು ಅವರ ಬಟ್ಟೆ, ಆಮೇಲೆ ನಮ್ಮದು.

ಸೆಪ್ಟೆಂಬರ್ ಎರಡನೇ ವಾರದ ನೋಟುಬುಕ್ಕು: ಮಂಗಳವಾರ ಒಂಬತ್ತಕ್ಕೆ 285, ಬುಧವಾರ 280, ಗುರುವಾರ 290. ಶುಕ್ರವಾರ 255, ಕೆಂಪು ಸುತ್ತು. ಆ ದಿನ ಗಣಪತಿ ಪಟಾಕಿಯ ಹೊಗೆ, ನಮ್ಮದಲ್ಲ. ಇನ್‌ಹೇಲರು ಡಾಕ್ಟರು ಹೇಳಿದಷ್ಟೇ ನಡೆದಿದೆ, ಅದನ್ನು ನನ್ನ ಊದಿನಕಡ್ಡಿ ನೋಡಿ ಯಾರೂ ಬಿಡಿಸಿಲ್ಲ.

ಬಾಕಿ ಇರುವುದು: ಫಿಲ್ಟರಿನ ಹೊರಮೈ ಬೂದು ಬಣ್ಣಕ್ಕೆ ತಿರುಗಿದೆ, ಡಿಸೆಂಬರಿನಲ್ಲಿ ಚೀಲದ ಪರೀಕ್ಷೆ ಮತ್ತೆ ಮಾಡಿ 2.2 ಸೆಕೆಂಡು ಮೂರು ದಾಟಿದ್ದರೆ ಬದಲಿಸಬೇಕು. ಗ್ಯಾಲರಿಯ ನೈಲಾನ್ ಬಲೆಯನ್ನು ಮಂಡಿಗಿ ಒಂದು ಕಡೆ ಕಡಿದಿದ್ದಾಳೆ, ವೆಲ್ಡ್ ಮೆಶ್ ಹಾಕಬೇಕು. ಬೀಗದ ತೂತಿಗೆ ಒಂದು ಮುಚ್ಚಳ.

ಇನ್ನೊಂದು, ನವೆಂಬರ್ ಹೊತ್ತಿಗೆ ಗಾಳಿ ತಿರುಗುತ್ತದೆ. ಚಳಿಗಾಲದಲ್ಲಿ ಇಲ್ಲಿ ಬೀಸುವುದು ಪೂರ್ವದಿಂದ. ಆಗ ಅಕ್ಕೋರ ಮನೆಯ ಗಾಳಿ ನಮ್ಮ ಕಡೆ ಬರುತ್ತದೆ. ಅವರಿಗೆ ಇದನ್ನು ಹೇಳಿದೆ. "ಹಂಗಾದ್ರ ನನ್ನ ಒಗ್ಗರಣಿ ವಾಸನಿ ನಿಮ್ಮನಿಗೆ" ಅಂದರು. ಒಳಗೆ ಕುಂದಾ ಕೂಗಿದ. "ಅವನೇ ಏನ ಕುಂದಾ? ದನಿ ಛಲೋ ಐತಿ" ಅಂತ ಹೇಳಿ, ಬಾಗಿಲಿನಿಂದ ಎರಡು ಹೆಜ್ಜೆ ಹಿಂದೆ ಸರಿದು ನಿಂತರು.